ದೀಪದ ಸುತ್ತಲಿನ ಬಳೆ

ನನ್ನ ದನಿ ನನಗಿಂತ ಹೆಚ್ಚು ಊರು ನೋಡಿದೆ. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದಿರುವ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರ್ ಮಾಡುವುದು ನನ್ನ ಕೆಲಸ. ಆಟೋದ ಮೇಲೆ ಭೋಂಗಾ ಕಟ್ಟಿಕೊಂಡು ಓಣಿ ಓಣಿ ಕೂಗುತ್ತ ಹೋಗುವ ಜಾಹೀರಾತಿಗೆ ದನಿ ಕೊಡುವುದು ಮೇಲಿನ ಕೆಲಸ. ಸೀರೆ ಸೇಲು, ದ್ರಾಕ್ಷಿ ಔಷಧ, ಕಳೆದುಹೋದ ಎಮ್ಮೆ, ಎಲ್ಲಕ್ಕೂ ನಾನೇ. ಎಮ್ಮೆ ಜಾಹೀರಾತಿನ ಕೊನೆಗೆ ಎಮ್ಮೆಯ ದನಿಯನ್ನೂ ಸೇರಿಸಿದ್ದೆ. ರಾಯಬಾಗದ ಹತ್ತಿರ ಯಾರದೋ ಕರು ಆಟೋ ಬೆನ್ನು ಹತ್ತಿ ಬಹಳ ದೂರ ಬಂತಂತೆ. ಮಂದಿಯ ದನಿ ಕದಿಯುವುದು ನನಗೆ ಅಂಟಿದ ಚಟ. ಮಾಲಕರ ದನಿ ತೆಗೆದು ಅವರ ಹೆಂಡತಿಗೆ ಫೋನ್ ಮಾಡಿ, ಸಂಜೆ ಊಟಕ್ಕೆ ಏನು ಮಾಡಬೇಕೆಂದು ಹೇಳಿ ಬೈಸಿಕೊಂಡವನು ನಾನು. ನಿನ್ನ ಸ್ವಂತ ದನಿ ಯಾವುದೋ ಅಂತ ನಮ್ಮವ್ವ ಈಗಲೂ ಕೇಳುತ್ತಾಳೆ. ಗೊತ್ತಾದರೆ ಹೇಳುತ್ತೇನೆ ಅಂದಿದ್ದೇನೆ.

ಹೋದ ತಿಂಗಳು ಬೋರಗಾಂವದಿಂದ ಒಂದು ಫೋನ್ ಬಂತು. ನಮ್ಮ ಅಂಗಡಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡುತ್ತಿದ್ದರಲ್ಲ ಅಕ್ಕಾರು, ಅವರ ತಮ್ಮ ಮಾತಾಡಿದರು. “ಅಕ್ಕ ತೀರಿಕೊಂಡಳಪ್ಪಾ,” ಅಂದರು. ನಾನು ಎಷ್ಟೋ ಸಾವಿನ ಸುದ್ದಿಯನ್ನು ಗಂಭೀರ ದನಿಯಲ್ಲಿ ಓದಿ ರೆಕಾರ್ಡ್ ಮಾಡಿದವನು. ಆ ಹೊತ್ತಿಗೆ ಸೀರೆ ಸೇಲಿನ ದನಿಯಲ್ಲೇ “ಹೂಂರಿ” ಅಂದುಬಿಟ್ಟೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರೇ ಬಂದು ಅಳಿಸಿಯಾರು. ಫ್ಲೆಕ್ಸ್ ಲೋಕದಲ್ಲಿ ಬ್ಯಾನರಿನ ಮೂಲೆಯಲ್ಲಿ ಡಿಸೈನ್ ಮಾಡಿದವರು ತಮ್ಮ ಹೆಸರು ಸಣ್ಣಗೆ ಹಾಕಿಕೊಳ್ಳುತ್ತಾರೆ. ನಾನಂತೂ ಅಷ್ಟು ಸಣ್ಣಗೂ ಹಾಕುವುದಿಲ್ಲ. ಅಕ್ಕಾರು ಒಮ್ಮೆಯೂ ಹಾಕಲಿಲ್ಲ. “ದೀಪದ ಕೆಳಗ ಹೆಸರ ಬರದ್ರ ಮಂದಿ ಹೆಸರ ಓದ್ತಾರ, ದೀಪ ನೋಡೂದಿಲ್ಲ,” ಅನ್ನುತ್ತಿದ್ದರು. ಗಿರಾಕಿಗಳು ಅವರನ್ನು ಮರಾಠಿ ರೂಢಿಯಂತೆ ‘ಬಾಯಿ’, ಅಂದರೆ ಅಮ್ಮಾ, ಅನ್ನುತ್ತಿದ್ದರು. ನನಗೆ ಅಕ್ಕಾರು. ಅವರ ಬಾಯಲ್ಲಿ ನಾನು ಪೋಪಟ, ಅಂದರೆ ಗಿಳಿ.

ಬೆಳಕು ಮತ್ತು ಹೊಗೆ, ಇವೆರಡು ಅವರ ಖಾತೆ. ಅಕ್ಷರ, ಹೂಮಾಲೆ, ಪುಢಾರಿಗಳ ಸಾಲು ಸಾಲು ಮುಖ ನಮ್ಮ ಪಾಲಿಗೆ. ತೀರಿಹೋದವರ ತಲೆಯ ಹಿಂದೆ ತೇಜಸ್ಸು ಬೇಕು, ಬಸವಣ್ಣನ ಕೊರಳಗಂಟೆ ಮಿನುಗಬೇಕು, ಹುಟ್ಟುಹಬ್ಬದ ಹುಡುಗನ ಬುಲೆಟ್ ಗಾಡಿಯ ಕೆಳಗೆ ಹೊಗೆ ಹೊರಳಬೇಕು ಅಂದರೆ ಫೈಲ್ ಅವರ ಕಂಪ್ಯೂಟರಿಗೆ ಹೋಗುತ್ತಿತ್ತು. ಬಿಳಿ ಬಣ್ಣ ಬಳಿದು ಅದನ್ನೇ ಬೆಳಕು ಅನ್ನುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮೊದಲು ಇಡೀ ಚಿತ್ರವನ್ನು ಕತ್ತಲು ಮಾಡುತ್ತಿದ್ದರು. ನಂತರ ಮೆತ್ತನೆಯ ಬ್ರಷ್ ಹಿಡಿದು, ಅತಿ ತೆಳುವಾಗಿ, ಒಂದರ ಮೇಲೊಂದು ಲೇಯರ್ ಹಾಕಿ, ಅಂಚುಗಳನ್ನು ಮಸುಕು ಮಾಡುತ್ತ ಒಳಗಿನಿಂದ ಬೆಳಕು ತರುತ್ತಿದ್ದರು. ಅದು ಒಲೆ ಉರಿ ಹತ್ತಿದ ಹಾಗೆ ನಿಧಾನವಾಗಿ ಹತ್ತುತ್ತಿತ್ತು.

ಒಮ್ಮೆ ಅಥಣಿಯ ಕಡೆಯ ಒಬ್ಬ ದಾದಾ ಬಂದ. ಗಾಗಲ್ಲು, ಕೈತುಂಬ ದಾರ, ಹಿಂದೆ ನಾಲ್ಕು ಗೆಳೆಯರು.

“ಮೇಡಮ್, ನನ್ನ ಹಿಂದ ಬೆಂಕಿ ಹಚ್ರಿ. ದೊಡ್ಡದು.”

“ಬೆಂಕಿ ಹಚ್ಚಿದ್ರ ಹಿಂಗ ನಕ್ಕೋಂತ ನಿಂದ್ರತಿಯೇನೋ ತಮ್ಮಾ? ಓಡತಿ.”

“ಫೋಟೋದಾಗ್ರಿ.”

“ಫೋಟೋದಾಗೂ ಅಷ್ಟ. ಬೆಂಕಿ ಹಿಂದಿದ್ರ ಮಾರಿ ಕಪ್ಪಾಗತೈತಿ. ಮಾರಿ ಬೆಳ್ಳಗ ಬೇಕಂದ್ರ ಬೆಂಕಿ ಮುಂದಿರಬೇಕು. ಯಾವದ ಬೇಕು ಹೇಳು.”

ಹುಡುಗ ಗಾಗಲ್ಲು ಹಣೆಗೇರಿಸಿ, “ಮಾರಿ ಬೆಳ್ಳಗ ಬೇಕ್ರಿ,” ಅಂದ. ಗೆಳೆಯರು ನಕ್ಕರು. ಬೆಂಕಿ ಅವನ ಕಾಲ ಬುಡಕ್ಕೆ ಬಂತು. ಅಂಥ ಬೆಂಕಿಯನ್ನು ನಾನು ಆಮೇಲೆ ಯಾವ ಬ್ಯಾನರಿನಲ್ಲೂ ನೋಡಲಿಲ್ಲ. ಅವನ ಗಾಗಲ್ಲಿನ ಕೆಳ ಅಂಚಿನಲ್ಲೂ ಸಣ್ಣ ಕೆಂಪು ಗೆರೆ ಇತ್ತು.

ಹೊಗೆಯ ವಿಷಯದಲ್ಲಿ ಇನ್ನೂ ಹಟ. ಇಂಟರ್‌ನೆಟ್ಟಿನಿಂದ ಇಳಿಸಿದ ಹೊಗೆ ಅವರಿಗೆ ನಡೆಯುತ್ತಿರಲಿಲ್ಲ. “ಇದು ಯಾವ ಊರ ಹೊಗಿನೋ ಏನೋ. ಯಾತರ ವಾಸನಿನೂ ಇಲ್ಲ ಇದಕ್ಕ,” ಅಂತ ಮೂಗು ಮುರಿಯುತ್ತಿದ್ದರು. ಕಬ್ಬಿನ ಹಂಗಾಮಿನಲ್ಲಿ ನನ್ನ ಗಾಡಿಯ ಮೇಲೆ ಹಿಂದೆ ಕೂತು, ಬೆಲ್ಲದ ಗಾಣ ಕಂಡಲ್ಲೆಲ್ಲ ನಿಲ್ಲಿಸಿ, ಕೊಪ್ಪರಿಗೆಯ ಆವಿಯ ಫೋಟೋ ತೆಗೆಯುತ್ತಿದ್ದರು. ಫ್ಯಾಕ್ಟರಿ ಚಿಮಣಿಯ ಹೊಗೆ ಬೇರೆ, ಕಬ್ಬಿನ ಒಣಗರಿಯ ರವದಿ ಸುಟ್ಟ ಹೊಗೆ ಬೇರೆ, ನಿಪ್ಪಾಣಿಯಲ್ಲಿ ಕಟ್ಟೆಯ ಮೇಲೆ ಕೂತ ಮುದುಕನ ಬೀಡಿ ಹೊಗೆ ಬೇರೆ. ಆ ಮುದುಕ ಫೋಟೋಕ್ಕೆ ಅಂತ ಬೀಡಿ ಬಿಸಾಕಿ, ಟೊಪ್ಪಿಗೆ ಸರಿಮಾಡಿಕೊಂಡು ಕೂತುಬಿಟ್ಟ. ಅಕ್ಕಾರು ಅವನಿಗೆ ಇನ್ನೊಂದು ಬೀಡಿ ಕೊಡಿಸಿ, “ಅಜ್ಜಾ, ನಿಮ್ಮ ಮಾರಿ ಬ್ಯಾಡ್ರಿ, ಹೊಗಿ ಬೇಕು,” ಅಂದರು. ಹುಟ್ಟಾ ಜೈನರ ಮನೆಯ ಹೆಣ್ಣುಮಗಳು, ಉಳ್ಳಾಗಡ್ಡಿಯನ್ನೂ ಮುಟ್ಟದವರು, ಬೀಡಿ ಕೊಡಿಸಿದ್ದನ್ನು ಬೋರಗಾಂವದಲ್ಲಿ ಯಾರಿಗೂ ಹೇಳಬೇಡ ಅಂತ ದಾರಿಯುದ್ದಕ್ಕೂ ನನ್ನಿಂದ ಆಣೆ ಹಾಕಿಸಿದರು.

ಊದಿನಕಡ್ಡಿಯ ಹೊಗೆಯನ್ನು ಅಂಗಡಿಯಲ್ಲೇ ತೆಗೆದೆವು. ಅವರ ಕರಿ ಛತ್ರಿಯನ್ನು ಬಿಚ್ಚಿ ಹಿಂದೆ ಇಟ್ಟು, ಪಕ್ಕದಿಂದ ಟೇಬಲ್ ಲ್ಯಾಂಪ್ ಬಿಟ್ಟು, ನನ್ನ ಕೈಯಲ್ಲಿ ಕಡ್ಡಿ ಕೊಟ್ಟರು. ಮಾತಾಡಿದರೆ ಹೊಗೆ ಅಲುಗುತ್ತದೆ, ಹಾಗಾಗಿ ತುಟಿ ಪಿಟ್ಟೆನ್ನಬಾರದು. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ನಾನು ಸುಮ್ಮನಿದ್ದದ್ದು ಅದೇ ಮೊದಲು. ಆ ಚಿತ್ರವನ್ನು ಕಂಪ್ಯೂಟರಿನಲ್ಲಿ ‘ಸ್ಕ್ರೀನ್’ ಅನ್ನುವ ಮೋಡ್‌ಗೆ ಹಾಕಿದರೆ ಛತ್ರಿಯ ಕಪ್ಪೆಲ್ಲ ಮಾಯವಾಗಿ ಹೊಗೆ ಮಾತ್ರ ಉಳಿಯುತ್ತದೆ. ಮೇಲೆ ನೇರವಾಗಿ ಏರಿದ ಆ ಬಿಳಿ ಎಳೆಯನ್ನು ತೋರಿಸಿ ಅಕ್ಕಾರು ಬಂದವರಿಗೆಲ್ಲ, “ಇದು ನಮ್ಮ ಪೋಪಟ ಬಾಯಿ ಮುಚ್ಚಿದ್ದರ ಫೋಟೋ,” ಅನ್ನುತ್ತಿದ್ದರು.

ಇನ್ನು ಬಳೆಯ ಮಾತು.

ನಾನು ಅಂಗಡಿ ಸೇರುವ ಹೊತ್ತಿಗಾಗಲೇ ಅಕ್ಕಾರ ಬೆಳಕಿಗೆ ಒಂದು ಗುರುತು ಇತ್ತು. ದೀಪ ಇರಲಿ, ಬಲ್ಬು ಇರಲಿ, ತೀರಿಹೋದವರ ತಲೆಯ ಹಿಂದಿನ ತೇಜಸ್ಸೇ ಇರಲಿ, ಅದರಿಂದ ಸ್ವಲ್ಪ ಅಂತರ ಬಿಟ್ಟು ಸುತ್ತ ಒಂದು ತೆಳುವಾದ ಬಣ್ಣದ ವೃತ್ತ. ಒಳಗೆ ನೀಲಿ, ಹೊರಗೆ ಕೆಂಪು, ನಡುವೆ ಮಾವಿನ ಹಣ್ಣಿನ ಬಣ್ಣ. ನೋಡಿದರೆ ಗಾಜಿನ ಬಳೆಯನ್ನು ಬಿಸಿಲಿಗೆ ಹಿಡಿದ ಹಾಗೆ. ಮಂದಿ ಅದಕ್ಕೆ ಬಳಿ ಅಂತಲೇ ಹೆಸರಿಟ್ಟರು. ಕುಡಚಿಯಿಂದ, ಕಾಗವಾಡದಿಂದ ಬಂದು, “ನಮಗ ಬಳಿ ಬೆಳಕ ಹಾಕಿ ಕೊಡ್ರಿ,” ಅನ್ನುತ್ತಿದ್ದರು. ಬೇರೆ ಅಂಗಡಿಯವರು ನಮ್ಮ ಬ್ಯಾನರಿನ ಫೋಟೋ ತೆಗೆದುಕೊಂಡು ಹೋಗಿ ತಾವೂ ಬಳೆ ಹಾಕಲು ಸುರುಮಾಡಿದರು. ದಪ್ಪ ದಪ್ಪ ಹಾಕುತ್ತಿದ್ದರು, ಸೈಕಲ್ ಟೈರಿನ ಹಾಗೆ. ನಾನು ಆ ಟೈರಿಗೆ ಪಂಪ್ ಹೊಡೆಯುವ ಸದ್ದು ಮಾಡಿ ತೋರಿಸಿದರೆ ಅಕ್ಕಾರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಮಾಲಕರಿಗಂತೂ ಹಿಗ್ಗೋ ಹಿಗ್ಗು. “ಅರೇ, ಬಾಯಿದು ಕಮಾಲ್ ಐತಿ. ಲವಕರ, ಲಗೂನ ಮಾಡ್ರಿ, ಗಿರಾಕಿ ನಿಂತಾರ.”

ಅಕ್ಕಾರು ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರು. ಅವರ ಮನೆತನದ ನೇಮ. ಕತ್ತಲಾದ ಮೇಲೆ ಹುಳ ಹುಪ್ಪಡಿ ಕಾಣದೆ ಬಾಯಿಗೆ ಬಿದ್ದೀತು ಅಂತ. ಬೋರಗಾಂವ ಬಸ್ಸು ಹಿಡಿದು ಮನೆ ಸೇರುವುದರೊಳಗೆ ಹೊತ್ತು ಮುಳುಗುವುದರಿಂದ ಸಂಜೆಯ ಊಟದ ಡಬ್ಬಿಯನ್ನೂ ಬೆಳಿಗ್ಗೆಯೇ ತರುತ್ತಿದ್ದರು. ಹೊರಗೆ ಇಣುಕಿ ಆಕಾಶ ನೋಡಿ, ಕಂಪ್ಯೂಟರಿಗೆ ಬೆನ್ನು ಮಾಡಿ, ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ. ನನ್ನ ಡಬ್ಬಿಯ ಬೆಳ್ಳುಳ್ಳಿ ವಾಸನೆಗೆ ಮೂಗಿಗೆ ಸೆರಗು.

“ಮ್ವಾಡ ಮುಸುಕಿದಾಗ ಹೊತ್ತ ಮುಳುಗಿದ್ದ ಹೆಂಗ್ರೀ ಗೊತ್ತಾಗೂದು?” ಅಂತ ಒಮ್ಮೆ ಕೇಳಿದ್ದೆ.

“ಹೊಟ್ಟಿಗೆ ಗೊತ್ತಾಗತೈತಿ. ನಿನ್ನ ಹೊಟ್ಟಿಗೆ ಬಿಡು, ಮೂರ ಹೊತ್ತೂ ಸಂಜೀನ.”

ಈ ಊಟದ ಹೊತ್ತು ಒಂದು ವರ್ಷ ನಿಧಾನವಾಗಿ ಹಿಂದೆ ಸರಿಯತೊಡಗಿತು. ಹೊರಗೆ ಇನ್ನೂ ಒಳ್ಳೆ ಬಿಸಿಲಿರುತ್ತಿತ್ತು. ಶಾಲೆ ಬಿಟ್ಟ ಮಕ್ಕಳು ಐಸ್‌ಕ್ಯಾಂಡಿ ಚೀಪುತ್ತ ಹೋಗುತ್ತಿದ್ದವು. ಅಕ್ಕಾರು ಬಾಗಿಲಿಗೆ ಬಂದು, “ಮುಳುಗಾಕ ಬಂತಲ್ಲೋ,” ಅಂತ ಗಡಬಡಿಸಿ ಡಬ್ಬಿ ಬಿಚ್ಚುತ್ತಿದ್ದರು. ಆಮೇಲೆ ರಾತ್ರಿಯೆಲ್ಲ ಹಸಿದಿರುತ್ತಿದ್ದರೋ ಏನೋ. ನಾವು ಅದನ್ನು ಅವರ ನೇಮದ ಕಟ್ಟುನಿಟ್ಟು ಅಂದುಕೊಂಡೆವು. ಗಡಿಯಾರ ನೋಡಲು ಕುತ್ತಿಗೆಯನ್ನಷ್ಟೇ ಅಲ್ಲ, ಇಡೀ ಮೈ ತಿರುಗಿಸುತ್ತಿದ್ದರು. ಅದನ್ನು ಅವರ ಠೀವಿ ಅಂದುಕೊಂಡೆವು. ನೆಲದ ಮೇಲಿನ ಫ್ಲೆಕ್ಸ್ ರೋಲಿಗೆ ಎಡವಿದರೆ ಅವರು ಮಾಲಕರನ್ನು ಬೈದರು, ಮಾಲಕರು ನನ್ನನ್ನು ಬೈದರು, ನಾನು ರೋಲನ್ನು ಬೈದೆ. ಸಂಜೆ ಹೊತ್ತು ತಲೆಗೆ ಬಿಗಿಯಾಗಿ ಕರವಸ್ತ್ರ ಕಟ್ಟಿಕೊಂಡು ಕೂರುತ್ತಿದ್ದರು. ಕಂಪ್ಯೂಟರ್ ನೋಡುವವರಿಗೆ ಯಾರಿಗಿಲ್ಲ ತಲೆನೋವು?

ಕುಡಚಿಯಿಂದ ಒಬ್ಬ ಚಾಚಾ ಬಂದರು. ಬಹಳ ವರ್ಷ ಕಣ್ಣಿನ ಡಾಕ್ಟರ್ ಒಬ್ಬರ ಕೈಕೆಳಗೆ ಕಂಪೌಂಡರ್ ಆಗಿದ್ದವರು. ಈಗ ಮಗನಿಗೆ ಚಾಳೀಸಿನ ಅಂಗಡಿ ಹಾಕಿ ಕೊಡುತ್ತಿದ್ದರು. ಅದರ ಬ್ಯಾನರಿಗೆ ಒಂದು ದೊಡ್ಡ ಕನ್ನಡಕ, ಅದರ ಗಾಜಿನಲ್ಲಿ ಬೆಳಗುವ ಬಲ್ಬು. ಅಕ್ಕಾರು ಬಲ್ಬು ಹೊತ್ತಿಸಿ ತೋರಿಸಿದರು. ಚಾಚಾ ಕುರ್ಚಿ ಮುಂದೆ ಎಳೆದುಕೊಂಡು ನೋಡಿದರು.

“ಭಾಳ ಛಲೋ ಆಗೈತಿ ಬಾಯಿ. ಈ ಬಣ್ಣದ ಬಳಿ ಏನರ್ಥದ್ದು?”

“ಅರ್ಥ ಏನೈತ್ರಿ. ದೀಪದ ಸುತ್ತ ಇರತೈತಲ್ಲ, ಅದ.”

ಚಾಚಾ ನಕ್ಕರು. ಆಮೇಲೆ ನಗು ನಿಲ್ಲಿಸಿದರು. “ಎಲ್ಲಾ ದೀಪಕ್ಕೂ ಇರತೈತೇನ?”

“ಎಲ್ಲಾ ದೀಪಕ್ಕೂ. ಸಂಜಿಮುಂದ ಬಸ್ಸಿನ ದೀಪಕ್ಕಂತೂ ಎರಡೆರಡು.”

ಚಾಚಾ ನನ್ನ ಕಡೆ ತಿರುಗಿದರು. ಅಂಗಡಿಯ ನಡುವೆ ತೂಗುವ ಬಲ್ಬನ್ನು ತೋರಿಸಿ, “ಬೇಟಾ, ಅದರ ಸುತ್ತ ನಿನಗೇನ ಕಾಣತೈತಿ?” ಅಂದರು.

“ಜೇಡರ ಬಲಿ ಕಾಣತೈತ್ರಿ.”

“ಚೇಷ್ಟಿ ಬಿಡು. ಬಳಿ ಕಾಣತೈತೇನು?”

“ಇಲ್ರಿ.”

ಅಕ್ಕಾರು ಮೈಯೆಲ್ಲ ತಿರುಗಿಸಿ ನನ್ನನ್ನು ನೋಡಿದರು. “ನಿಟ್ಟ ಹಚ್ಚಿ ನೋಡೋ. ಇಲ್ಲೇ ಅಂಚಿನಾಗ, ನೀಲಿ.”

ನಾನು ನಿಟ್ಟು ಹಚ್ಚಿ ನೋಡಿದೆ. ನನಗೆ ಸುಳ್ಳು ದನಿಗಳು ಬಹಳ ಬರುತ್ತವೆ. ಆ ಹೊತ್ತಿಗೆ ಒಂದೂ ಹತ್ತಿರ ಸುಳಿಯಲಿಲ್ಲ. “ಏನೂ ಇಲ್ರಿ ಅಕ್ಕಾರ. ಬರೀ ಬಲ್ಬ.”

“ಬರೀ ಬಲ್ಬ?”

“ಹೂಂರಿ.”

ಅವರು ಬಲ್ಬನ್ನೂ ನನ್ನನ್ನೂ ಮಾಲಕರನ್ನೂ ಒಬ್ಬೊಬ್ಬರಾಗಿ ನೋಡಿದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಕನಿಕರ ಇತ್ತು. “ಪಾಪ,” ಅಂದರು. “ನೀವೆಲ್ಲಾ ಇಷ್ಟ ದಿನ ಬರೀ ಬಲ್ಬ ನೋಡಕೋಂತ ಕುಂತೀರೇನು?”

ಚಾಚಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಬಾಯಿ, ಬ್ಯಾನರ್ ಯಾವಾಗರ ಕೊಡ್ರಿ. ನಾಳೆ ಮುಂಜಾನೆ ಮಿರಜಕ್ಕ ಹೋಗಿ ಕಣ್ಣ ತೋರಸ್ರಿ. ನಾಳೇನ ಹೋಗ್ರಿ,” ಅಂದರು.

ತಮ್ಮನ ಜೊತೆ ಮಿರಜಿಗೆ ಹೋಗಿ ಬಂದರು. ಬಂದವರೇ ಕಂಪ್ಯೂಟರ್ ಹಚ್ಚಿ, ಏನೂ ಆಗದವರ ಹಾಗೆ ಮಾತಾಡಿದರು. “ಕಾಚಬಿಂದು ಅಂದ್ರು. ಕಣ್ಣಿನ ಒಳಗ ಒತ್ತಡ ಏರಿ ನರ ಸಾಯಾಕತ್ತೈತಂತ. ಹೋದದ್ದ ಹೋತು, ಉಳದದ್ದ ಕಾಯಕೊಂಡ ಹೋಗಬೇಕು. ಹನಿ ಕೊಟ್ಟಾರ.” ಹನಿಯ ಬಾಟಲಿಯನ್ನು ಕೀಬೋರ್ಡಿನ ಪಕ್ಕ ಇಟ್ಟು, “ಬಳಿ ಕಾಣಾಕ ಹತ್ತಿ ಎಷ್ಟ ವರ್ಷ ಆತು ಅಂತ ಕೇಳಿದ್ರು. ನನಗೇನ ಗೊತ್ತು? ಚಿಕ್ಕೋಡ್ಯಾಗಿನ ಬ್ಯಾನರ್ ನೋಡಿ ಹೇಳ್ರಿ ಅಂದೆ,” ಅಂದರು.

ಆ ಮಧ್ಯಾಹ್ನ ಅವರು ಹಳೆಯ ಫೈಲುಗಳನ್ನು ತೆಗೆಸಿದರು. ನಾನು ತೆರೆದೆ, ಅವರು ನೋಡಿದರು. ಮೊದಮೊದಲ ಬ್ಯಾನರುಗಳಲ್ಲಿ ಬೆಳಕು ಬರೀ ಬೆಳಕು. ಆಮೇಲೆ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ನೀಲಿ. ಬರಬರುತ್ತ ಕೆಂಪು ಕೂಡಿತು, ವೃತ್ತ ಅಗಲವಾಯಿತು. ಊರೆಲ್ಲ ಕೊಂಡಾಡಿದ, ಕಂಬ ಕಂಬಕ್ಕೆ ಕಟ್ಟಿದ, ಬೇರೆ ಅಂಗಡಿಯವರು ನಕಲು ಹೊಡೆದ ಆ ಬಳೆ ಅಕ್ಕಾರ ಬೇನೆಯಾಗಿತ್ತು. ಅದು ಬೆಳೆದದ್ದನ್ನು ನಾವೆಲ್ಲ ಭೇಷ್ ಅನ್ನುತ್ತ ನೋಡಿದ್ದೆವು.

“ಸತ್ತವರ ತಲಿಗೆಲ್ಲಾ ನನ್ನ ಬ್ಯಾನಿ ಕಟ್ಟಿ ಕಳಿಸೀನಲ್ಲೋ,” ಅಂದರು. ಅವರ ದನಿ ಕೆಳಗಿಳಿದದ್ದನ್ನು ನಾನು ಅವತ್ತೇ ಕೇಳಿದ್ದು.

ಇನ್ನು ಮುಂದೆ ಬಳೆ ಹಾಕುವುದಿಲ್ಲ ಅಂತ ಮಾಲಕರಿಗೆ ಹೇಳಿದರು. ಮಾಲಕರು ಒಳ್ಳೆಯವರು, ಆದರೆ ಅಂಗಡಿಯವರು. “ಬಾಯಿ, ಮಂದಿಗೆ ಅದ ಬೇಕಲ್ಲ,” ಅಂತ ತಲೆ ಕೆರೆದುಕೊಂಡರು. ಬಳೆ ಕೇಳಿದವರ ಕೆಲಸ ನನಗೆ ಬಂತು. ಅವರು ಸಾದಾ ಬೆಳಕು ಕೇಳುವವರಿಗಾಗಿ ಕಾದು ಕೂತರು. ಅಂಥವರು ಯಾರೂ ಬರಲಿಲ್ಲ. ಕಣ್ಣು ಉಳಿದಿರುವಷ್ಟು ದಿನ ಕೆಲಸ ಮಾಡಬೇಕು ಅನ್ನುವುದು ಅವರಿಗಿದ್ದ ಒಂದೇ ಆಸೆ. ಹನಿ ಹಾಕಿಕೊಂಡು, ಕಣ್ಣು ಮುಚ್ಚಿ, ಮೂಗಿನ ಬುಡ ಒತ್ತಿ ಹಿಡಿದು ಕೂರುತ್ತಿದ್ದರು. ಅಷ್ಟು ಹೊತ್ತು ನಾನು ಗಿರಾಕಿಗಳ ದನಿಯಲ್ಲಿ ಅವರನ್ನು ನಗಿಸುತ್ತಿದ್ದೆ. “ನಗಿಸಬ್ಯಾಡೋ, ಹನಿ ಹೊರಗ ಬರತೈತಿ,” ಅನ್ನುತ್ತಿದ್ದರು.

ಕೊನೆಗೆ ಒಬ್ಬಳು ಬಂದಳು. ಕಾಗವಾಡದ ಹೆಣ್ಣುಮಗಳು, ತಾಯಿ ತೀರಿಹೋಗಿದ್ದಳು. ಮೊಬೈಲಿನಲ್ಲಿ ತೆಗೆದ ಒಂದು ಮಂಕು ಫೋಟೋ ಇತ್ತು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಹೆಂಗಸು, ಮೇಲೆ ಹೊಡೆದ ಫ್ಲಾಶಿಗೆ ಬಿಳಿಚಿದ ಮುಖ.

“ನಮ್ಮವ್ವಗ ತಲಿ ಹಿಂದ ಬಳಿ ಗಿಳಿ ಬ್ಯಾಡ್ರಿ,” ಅಂದಳು. “ಒಲಿ ಮುಂದ ಕುಂತಾಗ ಮಾರಿ ಮ್ಯಾಲ ಬೆಳಕ ಬೀಳತಿತ್ತಲ್ರಿ. ಅಷ್ಟ ಬೇಕು. ಒಂದೀಟ ಹೊಗಿ.”

ಅಕ್ಕಾರು ಅವಳ ಕೈ ಹಿಡಿದುಕೊಂಡರು. “ಕುಂದ್ರ ಬಾ ತಂಗಿ,” ಅಂದರು. ಒಲೆ ಯಾವ ಕಡೆ ಇತ್ತು, ಒಣ ಕಟ್ಟಿಗೆಯೋ ಸಗಣಿಯ ಕುಳ್ಳೋ, ಹೊಗೆ ಹತ್ತಿದರೆ ಅವ್ವ ಯಾವ ಕಣ್ಣು ಮೊದಲು ಮುಚ್ಚುತ್ತಿದ್ದಳು ಎಂಬುದನ್ನೆಲ್ಲ ಕೇಳಿದರು. ಹುಡುಗಿ ಹೇಳುತ್ತ ಹೇಳುತ್ತ ಅತ್ತಳು, ನಡುವೆ ಒಮ್ಮೆ ನಕ್ಕಳು. ಅವಳು ಹೋದ ಮೇಲೆ ಅಕ್ಕಾರು ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡರು. ಬಹಳ ದಿನದ ಮೇಲೆ ಅವರ ಬೆನ್ನು ನೆಟ್ಟಗಿತ್ತು.

ಅಡುಗೆಮನೆಯನ್ನೆಲ್ಲ ಕತ್ತಲು ಮಾಡಿದರು. ಒಲೆಯ ಬಾಯಲ್ಲಿ ಕೆಂಡ ಇಟ್ಟರು. ಅಲ್ಲಿಂದ ಕೆಂಪು ಹಳದಿ ಬೆಳಕು ಗದ್ದ, ಕೆನ್ನೆ, ಮೂಗಿನ ಕೆಳಗೆ. ಕುಳ್ಳಿನ ದಪ್ಪ ಹೊಗೆ ಒಂದು ಬದಿಗೆ ವಾಲಿ ಮೇಲೆ ಹೋಯಿತು. ನಾನು ನನ್ನ ಕೆಲಸ ಬಿಟ್ಟು ಹಿಂದೆ ನಿಂತು ನೋಡುತ್ತಿದ್ದೆ. ಅವರು ಮಾಡಿದ್ದರಲ್ಲೆಲ್ಲ ಅದೇ ಹೆಚ್ಚಿನದು.

“ಬಳಿ ಹೋತೇನೋ?” ಅಂದರು.

“ಹಾಕೇ ಇಲ್ಲಲ್ರಿ.”

“ಒಲಿ ಸುತ್ತ ಕಾಣಾಕತ್ತೈತಲ್ಲೋ.”

ನಾನು ಲೇಯರುಗಳ ಹೆಸರು ಒಂದೊಂದಾಗಿ ಓದಿ ಹೇಳಿದೆ. ಬಳೆಯ ಲೇಯರ್ ಇರಲಿಲ್ಲ. ಅವರು ತಲೆಯಾಡಿಸಿದರು, ಬೆಳಕನ್ನು ಸ್ವಲ್ಪ ಇಳಿಸಿದರು.

“ಈಗ?”

“ಬಳಿ ಇಲ್ರಿ ಅಕ್ಕಾರ. ಛಲೋ ಐತಿ. ಇನ್ನ ಕೈ ಹಚ್ಚಬ್ಯಾಡ್ರಿ.”

“ಐತಿ.” ಇನ್ನಷ್ಟು ಇಳಿಸಿದರು.

“ಅಕ್ಕಾರ, ಅದು ಕಣ್ಣಾಗಿಂದ್ರಿ. ಚಿತ್ರದಾಗಿಂದಲ್ಲ.”

“ಅದು ನನಗೂ ಗೊತ್ತೈತಿ. ಯಾವದ ಕಣ್ಣಾಗಿಂದು, ಯಾವದ ಚಿತ್ರದಾಗಿಂದು ಹೆಂಗ ಬ್ಯಾರೆ ಮಾಡ್ಲಿ?”

“ನನ್ನ ಮಾತ ನಂಬ್ರಿ.”

“ನಿನ್ನ ನಂಬತೀನೋ. ಖರೇ ನಂಬತೀನಿ. ಮಾತ ನಂಬಿ ಬ್ರಷ್ ಹಿಡಿಯಾಕ ಬರೂದಿಲ್ಲಲ್ಲ.”

ಮತ್ತೆ ಇಳಿಸಿದರು. ಮೂಗಿನ ಕೆಳಗಿನ ಬೆಳಕು ಹೋಯಿತು. ಕೆನ್ನೆಯದು ಹೋಯಿತು. ಒಲೆಯ ಕೆಂಡ ಕಂದಿತು. ನಾನು ಅವರ ಕೈ ಹಿಡಿಯಬೇಕು ಅಂದುಕೊಂಡೆ, ಹಿಡಿಯಲಿಲ್ಲ. ಕಡೆಗೆ ಕೆಂಡವನ್ನೂ ಆರಿಸಿದರು. ಪರದೆಯ ಮೇಲೆ ಸತ್ತ ಒಲೆಯ ಮುಂದೆ, ಕತ್ತಲಲ್ಲಿ, ಒಬ್ಬ ಹೆಂಗಸು ಕೂತಿದ್ದಳು. ಹೊಗೆ ಮಾತ್ರ ಏಳುತ್ತಿತ್ತು.

“ಈಗ ಹೋತು ನೋಡು,” ಅಂದರು.

ಮೌಸಿನಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಡಬ್ಬಿ ಬಿಚ್ಚಲೇ ಇಲ್ಲ. ಛತ್ರಿ ಹುಡುಕಿಕೊಂಡು ಎದ್ದು, ಮಾಲಕರ ಹತ್ತಿರ ಹೋಗಿ, “ನಾಳಿಂದ ಬರೂದಿಲ್ರಿ,” ಅಂದರು. ಮಾಲಕರು ಗಲ್ಲಾ ಬಿಟ್ಟು ಎದ್ದರು. ಅವರೇ ಹೋಗಿ ಬಸ್ಸಿಗೆ ಕೂಡಿಸಿ ಬಂದರು.

ಕಾಗವಾಡದವಳಿಗೆ ಕತ್ತಲು ಕೊಡುವ ಹಾಗಿರಲಿಲ್ಲ. ಅವರು ಆರಿಸಿದ ಒಲೆಯನ್ನು ನಾನು ಮತ್ತೆ ಹೊತ್ತಿಸಿದೆ. ನನಗೆ ತಿಳಿದಷ್ಟು ಹೊತ್ತಿಸಿದೆ. ಹುಡುಗಿ ಬ್ಯಾನರ್ ಬಿಚ್ಚಿ ನೋಡಿ, “ಹಿಂಗ ಕುಂದ್ರತಿದ್ಲರಿ,” ಅಂದಳು. ಏನೋ ಸ್ವಲ್ಪ ಹೆಚ್ಚುಕಡಿಮೆ ಆಗಿದೆ ಅಂತ ನನಗೆ ಅನ್ನಿಸಿತು. ಏನು ಅಂತ ಗೊತ್ತಾಗಲಿಲ್ಲ.

ಕೆಲ ತಿಂಗಳ ಮೇಲೆ ಬೋರಗಾಂವಕ್ಕೆ ಹೋದೆ. ತಮ್ಮನ ಮಗ್ಗಗಳು ಖಟ ಖಟ ಅನ್ನುತ್ತಿದ್ದವು. ಅಕ್ಕಾರು ಅಂಗಳದಲ್ಲಿ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು. ಎರಡು ಕಣ್ಣೂ ಪೂರ್ತಿ ಹೋಗಿದ್ದವು. ನಾನು ಮಾಲಕರ ದನಿ ತೆಗೆದು, “ಕಾಯ್ ಬಾಯಿ, ಆರಾಮ?” ಅಂದೆ.

“ಪೋಪಟ, ನಿಮ್ಮ ಮಾಲಕರ ಹೆಜ್ಜಿ ಇಷ್ಟ ಹಗುರಿಲ್ಲ. ಕುಂದ್ರ ಬಾ.”

ಅಂಗಡಿ, ಗಿರಾಕಿ, ಅವ್ವ ಎಲ್ಲ ಕೇಳಿದರು. ನಾನು ಎಲ್ಲರ ದನಿಯಲ್ಲೂ ಉತ್ತರ ಕೊಟ್ಟೆ. ನಕ್ಕರು. ಆಮೇಲೆ ನಾನೇ, ಬಾಯಿ ತಡೆಯದೆ, ಬಳೆ ಈಗಲೂ ಕಾಣುತ್ತವೇನು ಅಂತ ಕೇಳಿಬಿಟ್ಟೆ.

“ಇಲ್ಲೋ. ದೀಪದ ಕೂಡ ಅವೂ ಹೋದವು.” ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. “ಬ್ಯಾನಿ ಬ್ಯಾನಿ ಅಂತ ಎಷ್ಟ ಬೈದೆ. ಈಗ ಕುಂತಲ್ಲೇ ನೆನಸ್ತೀನಿ. ಮರವು ಬರಾಕತ್ತೈತಿ. ನೀಲಿ ಒಳಗಿತ್ತೋ, ಹೊರಗಿತ್ತೋ?”

“ಒಳಗ ನೀಲಿ, ಹೊರಗ ಕೆಂಪ್ರಿ. ನಡುವ ಮಾವಿನ ಹಣ್ಣ.”

“ಹಾಂ,” ಅಂದರು. “ಒಳಗ ನೀಲಿ.”

ನಾನು ಹುಟ್ಟಿದಾಗಿನಿಂದ ಬರೀ ಬಲ್ಬು ನೋಡಿದವನು. ಒಂದು ದಿನವೂ ಕಾಣದ ಅದನ್ನು ಅವರಿಗೆ ನೆನಪು ಮಾಡಿಕೊಟ್ಟು ಕೂತಿದ್ದೆ.

ಹೊರಡುವ ಹೊತ್ತಿಗೆ ಕಾಗವಾಡದ ಬ್ಯಾನರಿನ ಮಾತು ತೆಗೆದರು. “ಒಲಿ ಹೊತ್ತಿಸಿದೇನೋ?”

“ಹೊತ್ತಿಸೀನ್ರಿ.”

“ಎಲ್ಲಿ ಇಟ್ಟಿ ಬೆಳಕ?” ಅಂಗೈ ಚಾಚಿದರು.

ಅವರ ಅಂಗೈ ಮೇಲೆ ಬೆರಳಿಟ್ಟು, ಇದು ಅವ್ವನ ಮುಖ, ಇದು ಒಲೆ, ಇಲ್ಲಿ ಬೆಳಕು, ಅಂತ ತೋರಿಸಿದೆ. ಅವರು ಇನ್ನೊಂದು ಕೈಯಿಂದ ನನ್ನ ಬೆರಳನ್ನು ಹಿಡಿದು ಮಣಿಕಟ್ಟಿನ ಕಡೆಗೆ ಒಂದಿಷ್ಟು ಸರಿಸಿದರು. “ಒಲಿ ಬಾಯಿ ಇಲ್ಲಿರತೈತಿ. ಬೆಳಕ ಮೊದಲ ಗದ್ದಕ್ಕ ಮುಟ್ಟಬೇಕು. ನೀ ಹಣಿಗೆ ಹಚ್ಚೀದಿ. ಹಂಗಾಗಿ ಆಕಿ ಮಂದಿ ಕಡೆ ನೋಡಾಕತ್ತಾಳ.”

ಆ ಬ್ಯಾನರ್ ಆಗಲೇ ಕಂಬದಿಂದ ಇಳಿದು ಯಾರದೋ ಮೇವಿನ ಬಣವೆಗೆ ಹೊದಿಕೆಯಾಗಿರಬೇಕು. ಆದರೂ ಮಾರನೆಯ ದಿನ ಅಂಗಡಿಗೆ ಬಂದವನೇ ಫೈಲ್ ತೆರೆದು ಬೆಳಕನ್ನು ಅಷ್ಟೇ, ಬೆರಳಿನಷ್ಟು, ಕೆಳಗಿಳಿಸಿದೆ. ಕಾಗವಾಡದ ಅವ್ವ ತಲೆ ಬಗ್ಗಿಸಿದ ಹಾಗಾಯಿತು. ನಮ್ಮನ್ನೆಲ್ಲ ಮರೆತು ತನ್ನ ಒಲೆಯ ಕಡೆ ನೋಡುತ್ತಿದ್ದಳು.

ಬೋರಗಾಂವಕ್ಕೆ ಫೋನ್ ಹಚ್ಚಿದೆ. ಯಾರ ದನಿಯನ್ನೂ ತೆಗೆಯಲಿಲ್ಲ. “ಅಕ್ಕಾರ, ಸರಿಸಿದೆ. ಈಗ ಬರೊಬ್ಬರಿ ಆತ್ರಿ,” ಅಂದೆ.

“ಗೊತ್ತೈತಿ,” ಅಂದರು. “ಸೇವ್ ಮಾಡಿ ಮನಿಗೆ ಹೋಗು.”